ಔಷಧವಿಲ್ಲದ ಸೂಜಿ: ಸ್ನಾಯುನೋವಿಗೆ ಡ್ರೈ ನೀಡ್ಲಿಂಗ್

ನೋಯುವ ಸ್ನಾಯುವಿನೊಳಗೆ ಬಿಗಿದುಕೊಂಡಿರುವ ಗಂಟನ್ನು ಬೆರಳಿನಿಂದ ಗುರುತಿಸಿ, ಅಲ್ಲಿಗೆ ತೆಳುವಾದ ಸೂಜಿ ಚುಚ್ಚಿ ಬಿಗಿ ಸಡಿಲಿಸುವ ಫಿಸಿಯೋಥೆರಪಿ ವಿಧಾನಕ್ಕೆ ಡ್ರೈ ನೀಡ್ಲಿಂಗ್ ಎಂದು ಹೆಸರು. ಈ ಸೂಜಿಯಿಂದ ಯಾವ ಔಷಧವೂ ಮೈಯೊಳಗೆ ಹೋಗುವುದಿಲ್ಲ. ಇಂಜೆಕ್ಷನ್ ಸೂಜಿಯ ಒಳಗೆ ಔಷಧ ಹರಿಯಲು ಪೊಳ್ಳು ಇರುತ್ತದೆ, ಅದರ ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ. ಡ್ರೈ ನೀಡ್ಲಿಂಗ್‌ಗೆ ಬಳಸುವುದು ಪೊಳ್ಳಿಲ್ಲದ, ಸ್ಟೇನ್‌ಲೆಸ್ ಸ್ಟೀಲಿನ ಗಟ್ಟಿ ಸೂಜಿ. ಅದರ ದಪ್ಪ ಸಾಮಾನ್ಯವಾಗಿ 0.16ರಿಂದ 0.30 ಮಿಲಿಮೀಟರ್. ಉದ್ದ ಮಾತ್ರ ಸ್ನಾಯು ಎಷ್ಟು ಆಳದಲ್ಲಿದೆ ಎಂಬುದರ ಮೇಲೆ ನಿಂತಿದೆ. ಅಂಗೈಯ ಸಣ್ಣ ಸ್ನಾಯುಗಳಿಗೆ 13 ಮಿಲಿಮೀಟರ್ ಸಾಕು. ಪೃಷ್ಠದ ದಪ್ಪ ಸ್ನಾಯುಗಳಿಗೆ 75 ಮಿಲಿಮೀಟರ್ ಅಥವಾ ಅದಕ್ಕೂ ಉದ್ದದ್ದು ಬೇಕಾಗುತ್ತದೆ.

ಕತ್ತು, ಹೆಗಲು, ಬೆನ್ನು, ಸೊಂಟ, ಮೀನಖಂಡಗಳ ಹಳೆಯ ನೋವಿಗೆ ಈ ಚಿಕಿತ್ಸೆ ಹೆಚ್ಚಾಗಿ ಬಳಕೆಯಲ್ಲಿದೆ. ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವರು, ಹೊಲಿಗೆ ಯಂತ್ರದ ಮೇಲೆ ಬಗ್ಗಿ ದುಡಿಯುವ ದರ್ಜಿಗಳು, ಸ್ಟೀರಿಂಗ್ ಬಿಡದ ಚಾಲಕರು, ಓಟಗಾರರು, ಕ್ರಿಕೆಟ್ ಆಟಗಾರರು ಇಂಥ ನೋವಿಗೆ ಸುಲಭವಾಗಿ ತುತ್ತಾಗುತ್ತಾರೆ. ಇದರಿಂದ ಏನಾಗುತ್ತದೆ, ಏನಾಗುವುದಿಲ್ಲ ಎರಡನ್ನೂ ತಿಳಿದು ಚಿಕಿತ್ಸೆಗೆ ಹೋಗುವುದು ರೋಗಿಗೆ ಒಳ್ಳೆಯದು.

ನೋವಿನ ಗಂಟು

ಈ ಚಿಕಿತ್ಸೆಯ ಗುರಿ ‘ಟ್ರಿಗರ್ ಪಾಯಿಂಟ್’ ಎಂಬ ನೋವಿನ ಬಿಂದು. ಹೆಗಲ ಮೇಲಿನ ಸ್ನಾಯುವನ್ನು ಎಳೆಗಳಿಗೆ ಅಡ್ಡಲಾಗಿ ಬೆರಳಿನಿಂದ ತಡವಿದರೆ, ಮೆದುವಾದ ಮಾಂಸದ ನಡುವೆ ಬಿಗಿದ ಹುರಿಯಂಥ ಪಟ್ಟಿಯೊಂದು ಕೆಲವರಲ್ಲಿ ಸಿಗುತ್ತದೆ. ಆ ಪಟ್ಟಿಯ ಗುಂಟ ಒತ್ತುತ್ತಾ ಹೋದಾಗ ಒಂದು ಕಡೆ ಮಾತ್ರ ನೋವು ಥಟ್ಟನೆ ಏರುತ್ತದೆ. ‘ಇದೇ, ನನಗೆ ದಿನವೂ ಬರುವ ನೋವು ಇದೇ’ ಎಂದು ರೋಗಿಯೇ ಗುರುತು ಹಿಡಿದರೆ ಅದು ಸಕ್ರಿಯ ಬಿಂದು. ಒತ್ತಿದಾಗ ನೋಯುವ, ತಾನಾಗಿ ನೋವು ಕೊಡದ ಬಿಂದುಗಳೂ ಇರುತ್ತವೆ. ಇವು ಸುಪ್ತ ಬಿಂದುಗಳು.

ಈ ಬಿಂದುಗಳ ನೋವು ಇದ್ದಲ್ಲೇ ಇರುವುದಿಲ್ಲ, ಬೇರೆಡೆಗೆ ಹರಡುತ್ತದೆ. ಹೆಗಲ ಮೇಲಿನ ಟ್ರಪೀಜಿಯಸ್ ಸ್ನಾಯುವಿನ ಗಂಟು ಕತ್ತಿನ ಪಕ್ಕದಿಂದ ಏರಿ ಕಣತಲೆಯಲ್ಲಿ ತಲೆನೋವಾಗಿ ಕಾಣಿಸಿಕೊಳ್ಳುತ್ತದೆ. ಹೆಗಲ ಮೂಳೆಯ ಹಿಂಬದಿಯಲ್ಲಿರುವ ಇನ್‌ಫ್ರಾಸ್ಪೈನೇಟಸ್ ಸ್ನಾಯುವಿನ ಗಂಟು ಭುಜದ ಮುಂಭಾಗದಲ್ಲಿ, ತೋಳಿನಲ್ಲಿ ನೋವು ಹುಟ್ಟಿಸುತ್ತದೆ. ಪೃಷ್ಠದ ಆಳದಲ್ಲಿರುವ ಗ್ಲೂಟಿಯಸ್ ಮಿನಿಮಸ್ ಸ್ನಾಯುವಿನ ನೋವು ಕಾಲಿನುದ್ದಕ್ಕೂ ಇಳಿದು ಸಯಾಟಿಕಾ ಎಂದು ಭ್ರಮೆ ಹುಟ್ಟಿಸುವುದುಂಟು. ಮೀನಖಂಡದ ಸೋಲಿಯಸ್ ಸ್ನಾಯುವಿನ ಗಂಟು ಹಿಮ್ಮಡಿಯಲ್ಲಿ ನೋಯಬಹುದು. ಆದ್ದರಿಂದ ನೋವಿರುವ ಕಡೆಯೇ ಸೂಜಿ ಬೀಳಬೇಕೆಂಬ ನಿಯಮವಿಲ್ಲ; ನೋವಿನ ಮೂಲ ಎಲ್ಲಿದೆ ಎಂದು ಹುಡುಕುವುದೇ ಚಿಕಿತ್ಸಕರ ಮೊದಲ ಕೆಲಸ.

ಗಂಟು ಹೇಗೆ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ಹೆಚ್ಚು ಪ್ರಚಾರದಲ್ಲಿರುವ ವಿವರಣೆ ಹೀಗಿದೆ. ನರ ಬಂದು ಸ್ನಾಯುವನ್ನು ಸೇರುವ ಜಾಗದಲ್ಲಿ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುಗಡೆಯಾದಾಗ ಸ್ನಾಯು ಸಂಕುಚಿಸುತ್ತದೆ. ಅತಿಯಾದ ದುಡಿಮೆ, ಪೆಟ್ಟು, ಗಂಟೆಗಟ್ಟಲೆ ಒಂದೇ ಭಂಗಿ ಇಂಥ ಕಾರಣಗಳಿಂದ ಅದು ಅಳತೆ ಮೀರಿ ಒಸರುತ್ತಲೇ ಇದ್ದರೆ ಕೆಲವು ಎಳೆಗಳು ಸಂಕುಚಿಸಿದ ಸ್ಥಿತಿಯಲ್ಲೇ ಉಳಿಯುತ್ತವೆ. ಬಿಗಿದ ಎಳೆಗಳು ಸುತ್ತಲಿನ ಸೂಕ್ಷ್ಮ ರಕ್ತನಾಳಗಳನ್ನು ಅದುಮುತ್ತವೆ, ಆಮ್ಲಜನಕ ಕಡಿಮೆಯಾಗುತ್ತದೆ. ಸ್ನಾಯು ಬಿಗಿಯಲು ಶಕ್ತಿ ಬೇಕಾದಂತೆ ಸಡಿಲಗೊಳ್ಳಲೂ ಶಕ್ತಿ ಬೇಕು. ರಕ್ತ ಹರಿಯದೆ ಶಕ್ತಿಯ ಕೊರತೆಯಾದಾಗ ಎಳೆ ಸಡಿಲಗೊಳ್ಳಲಾರದು, ಸಡಿಲಗೊಳ್ಳದೆ ರಕ್ತ ಹರಿಯಲಾರದು. ಈ ವಿಷಚಕ್ರದ ನಡುವೆ ಅಲ್ಲಿ ಆಮ್ಲೀಯತೆ ಹೆಚ್ಚಿ, ಬ್ರಾಡಿಕೈನಿನ್, ಸಬ್‌ಸ್ಟೆನ್ಸ್ ಪಿ ಮೊದಲಾದ ನೋವಿನ ರಾಸಾಯನಿಕಗಳು ಸೇರಿಕೊಂಡು ನರತುದಿಗಳನ್ನು ಕೆರಳಿಸುತ್ತವೆ.

ಈ ವಿವರಣೆಗೆ ಸ್ವಲ್ಪ ಆಧಾರವಿದೆ. 1993ರಲ್ಲಿ ಹಬರ್ಡ್ ಮತ್ತು ಬರ್ಕಾಫ್ ಎಂಬ ಸಂಶೋಧಕರು ಈ ಬಿಂದುಗಳೊಳಗೆ ವಿದ್ಯುತ್ ಚಟುವಟಿಕೆಯನ್ನು ದಾಖಲಿಸಿದರು. ಪಕ್ಕದ ಸಾಮಾನ್ಯ ಸ್ನಾಯುವಿನಲ್ಲಿ ಅದು ಇರಲಿಲ್ಲ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಜೇ ಶಾ ಮತ್ತು ಸಂಗಡಿಗರು ಅತಿ ಸೂಕ್ಷ್ಮ ಸೂಜಿಯಿಂದ ಹೆಗಲ ಸ್ನಾಯುವಿನ ದ್ರವವನ್ನು ಸೆಳೆದು ಪರೀಕ್ಷಿಸಿ, ಸಕ್ರಿಯ ಬಿಂದುಗಳಲ್ಲಿ ನೋವಿನ ರಾಸಾಯನಿಕಗಳು ಹೆಚ್ಚಿರುವುದನ್ನು 2005ರಲ್ಲಿ ವರದಿ ಮಾಡಿದರು. ಇದನ್ನು ಎಲ್ಲರೂ ಒಪ್ಪಿಲ್ಲ. ಟ್ರಿಗರ್ ಪಾಯಿಂಟ್ ಸಿದ್ಧಾಂತವೇ ದುರ್ಬಲ, ನೋವಿನ ಮೂಲ ನರಗಳಲ್ಲಿರಬಹುದು ಎಂದು ಕ್ವಿಂಟ್ನರ್, ಕೋಹೆನ್ ಮತ್ತು ಬೋವ್ 2015ರಲ್ಲಿ ವಾದಿಸಿದರು. ಬೆರಳಿನಿಂದ ತಡವಿ ಗುರುತಿಸುವ ವಿಧಾನದಲ್ಲೂ ಒಬ್ಬರ ತೀರ್ಮಾನಕ್ಕೂ ಇನ್ನೊಬ್ಬರ ತೀರ್ಮಾನಕ್ಕೂ ವ್ಯತ್ಯಾಸ ಬರುತ್ತದೆ. ಈ ಗಂಟನ್ನು ಖಚಿತವಾಗಿ ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ, ಎಕ್ಸ್‌ರೇಯಾಗಲಿ ಇಲ್ಲ.

ಔಷಧದಿಂದ ಸೂಜಿಯ ಕಡೆಗೆ

ಸ್ನಾಯುವಿನ ನೋವು ದೂರಕ್ಕೆ ಹರಡುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವರಲ್ಲಿ ಲಂಡನ್ನಿನ ಜೋನಾಸ್ ಕೆಲ್‌ಗ್ರೆನ್ ಮೊದಲಿಗರು. 1930ರ ದಶಕದ ಕೊನೆಯಲ್ಲಿ ಅವರು ಸ್ನಾಯುಗಳಿಗೆ ಗಾಢ ಉಪ್ಪುನೀರನ್ನು ಚುಚ್ಚಿ, ನೋವು ಎಲ್ಲೆಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಗುರುತು ಹಾಕಿದರು. ಅಮೆರಿಕದ ವೈದ್ಯೆ ಜಾನೆಟ್ ಟ್ರಾವೆಲ್ ಈ ಬಿಂದುಗಳ ಅಧ್ಯಯನಕ್ಕೆ ತಮ್ಮ ವೃತ್ತಿಜೀವನವನ್ನೇ ಮೀಸಲಿಟ್ಟರು. ಜಾನ್ ಎಫ್. ಕೆನಡಿ ಅವರ ತೀವ್ರ ಬೆನ್ನುನೋವಿಗೆ 1955ರಲ್ಲಿ ಚಿಕಿತ್ಸೆ ಆರಂಭಿಸಿದ್ದು ಇವರೇ. ಕೆನಡಿ ಅಧ್ಯಕ್ಷರಾದಾಗ 1961ರಲ್ಲಿ ಟ್ರಾವೆಲ್ ಶ್ವೇತಭವನದ ವೈದ್ಯೆಯಾದರು. ಅಧ್ಯಕ್ಷರ ಖಾಸಗಿ ವೈದ್ಯರ ಹುದ್ದೆಗೇರಿದ ಮೊದಲ ಮಹಿಳೆ ಅವರು. ಆದರೆ ಟ್ರಾವೆಲ್ ಬಳಸುತ್ತಿದ್ದುದು ಪ್ರೊಕೇನ್ ಎಂಬ ಮರವಳಿಕೆ ಔಷಧದ ಇಂಜೆಕ್ಷನ್ನು.

ಟ್ರಾವೆಲ್ ಅವರ ಕೆಲಸಕ್ಕೆ ಜೊತೆಯಾದವರು ಡೇವಿಡ್ ಸೈಮನ್ಸ್. ಇವರು ಅಮೆರಿಕದ ವಾಯುಪಡೆಯ ವೈದ್ಯರಾಗಿದ್ದರು. 1957ರಲ್ಲಿ ಬಲೂನಿನಲ್ಲಿ ಒಬ್ಬರೇ 30 ಕಿಲೋಮೀಟರಿಗೂ ಎತ್ತರಕ್ಕೆ ಹಾರಿ ಹೆಸರು ಮಾಡಿದ್ದರು. ಇಬ್ಬರೂ ಸೇರಿ ಬರೆದ ಟ್ರಿಗರ್ ಪಾಯಿಂಟ್ ಕೈಪಿಡಿಯ ಮೊದಲ ಸಂಪುಟ 1983ರಲ್ಲಿ, ಎರಡನೆಯದು 1992ರಲ್ಲಿ ಪ್ರಕಟವಾದವು. ಯಾವ ಸ್ನಾಯುವಿನ ನೋವು ಎಲ್ಲಿಗೆ ಹರಡುತ್ತದೆ ಎಂಬ ಅದರ ಚಿತ್ರಗಳನ್ನು ಫಿಸಿಯೋಥೆರಪಿಸ್ಟರು ಇಂದಿಗೂ ನೋಡುತ್ತಾರೆ.

ಔಷಧವಿಲ್ಲದೆ ಬರೀ ಸೂಜಿಯೇ ಕೆಲಸ ಮಾಡುತ್ತದೆ ಎಂಬ ಮಾತಿಗೆ ಬಲ ತಂದವರು ಚೆಕೊಸ್ಲೊವಾಕಿಯಾದ ಕಾರೆಲ್ ಲೆವಿಟ್. ಇಂಜೆಕ್ಷನ್ ಕೊಟ್ಟಾಗ ಆರಾಮ ಸಿಗುವುದು ಔಷಧದಿಂದಲೋ ಚುಚ್ಚುವುದರಿಂದಲೋ ಎಂಬ ಪ್ರಶ್ನೆಯನ್ನು ಅವರು ಕೈಗೆತ್ತಿಕೊಂಡರು. 241 ರೋಗಿಗಳ 312 ನೋವಿನ ಜಾಗಗಳಿಗೆ ಬರೀ ಸೂಜಿ ಚುಚ್ಚಿ, 1979ರಲ್ಲಿ ‘ಪೇನ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು: ಸುಮಾರು ಶೇ 87ರಷ್ಟು ಸಂದರ್ಭಗಳಲ್ಲಿ ನೋವು ತಕ್ಷಣ ಇಳಿದಿತ್ತು. ನೋವಿನ ಬಿಂದುವಿಗೆ ಸೂಜಿ ಎಷ್ಟು ಕರಾರುವಾಕ್ಕಾಗಿ ತಾಗುತ್ತದೋ ಪರಿಣಾಮವೂ ಅಷ್ಟು ಚೆನ್ನಾಗಿರುತ್ತದೆ ಎಂದು ಅವರು ಕಂಡರು. ಆದರೆ ಅದರಲ್ಲಿ ಹೋಲಿಸಿ ನೋಡಲು ಸೂಜಿಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಹಾಗಾಗಿ ಈ ಸಂಖ್ಯೆಯನ್ನು ಅಂತಿಮ ಪುರಾವೆ ಎಂದು ಹಿಡಿಯುವಂತಿಲ್ಲ.

ಅದೇ ಕಾಲದಲ್ಲಿ ಕೆನಡಾದ ವೈದ್ಯ ಚಾನ್ ಗನ್, ನೋವಿನ ಮೂಲ ಬೆನ್ನುಹುರಿಯಿಂದ ಹೊರಡುವ ನರದಲ್ಲಿದೆ ಎಂದು ಭಾವಿಸಿ, ಬೆನ್ನೆಲುಬಿನ ಪಕ್ಕದ ಸ್ನಾಯುಗಳಿಗೂ ಸೂಜಿ ಚುಚ್ಚುವ ಪದ್ಧತಿ ರೂಪಿಸಿದರು. ಇಂಗ್ಲೆಂಡಿನ ಪೀಟರ್ ಬಾಲ್ಡ್ರಿ ಆಳಕ್ಕೆ ಹೋಗದೆ ಚರ್ಮದ ಕೆಳಗೆ 5ರಿಂದ 10 ಮಿಲಿಮೀಟರ್ ಮಾತ್ರ ಚುಚ್ಚುವ ಮೃದು ವಿಧಾನವನ್ನು ಬಳಕೆಗೆ ತಂದರು. ಇಂದು ಈ ಮೂರು ದಾರಿಗಳೂ ಚಾಲ್ತಿಯಲ್ಲಿವೆ. ಚುಚ್ಚಿದ ಸೂಜಿಗಳಿಗೆ ಸಣ್ಣ ವಿದ್ಯುತ್ ಪ್ರವಾಹ ಹಾಯಿಸುವ ಕ್ರಮವೂ ಇದೆ.

ಅಕ್ಯುಪಂಕ್ಚರ್‌ಗಿಂತ ಹೇಗೆ ಬೇರೆ?

ಎರಡರಲ್ಲೂ ಬಳಸುವ ಸೂಜಿ ಒಂದೇ ಬಗೆಯದು. ಅದನ್ನು ಎಲ್ಲಿ, ಏಕೆ ಚುಚ್ಚಬೇಕೆಂಬ ತರ್ಕ ಬೇರೆ. ಚೀನಾದ ಸಾಂಪ್ರದಾಯಿಕ ವೈದ್ಯದ ಭಾಗವಾದ ಅಕ್ಯುಪಂಕ್ಚರ್ ದೇಹದಲ್ಲಿ ‘ಚೀ’ ಎಂಬ ಚೈತನ್ಯ ಹರಿಯುವ ಮಾರ್ಗಗಳಿವೆ ಎಂದು ನಂಬುತ್ತದೆ. ಆ ಮಾರ್ಗಗಳ ಮೇಲಿನ ಗೊತ್ತಾದ ಬಿಂದುಗಳಲ್ಲಿ ಸೂಜಿ ಇಡುತ್ತದೆ, ಸ್ನಾಯುನೋವಿಗಷ್ಟೇ ಅಲ್ಲದೆ ಬೇರೆ ಕಾಯಿಲೆಗಳಿಗೂ ಬಳಸುತ್ತದೆ. ಡ್ರೈ ನೀಡ್ಲಿಂಗ್‌ಗೆ ಆಧಾರ ಅಂಗರಚನಾಶಾಸ್ತ್ರ. ಪರೀಕ್ಷೆಯಲ್ಲಿ ಸಿಕ್ಕ ಗಂಟಿಗೇ ಸೂಜಿ ಹೋಗುತ್ತದೆ. ಹಾಗೆಂದು ಎರಡರ ನಡುವೆ ಸಂಬಂಧವೇ ಇಲ್ಲವೆಂದಲ್ಲ. ಮಾರ್ಗಗಳ ಮೇಲಿಲ್ಲದ, ಒತ್ತಿದಾಗ ನೋಯುವ ಜಾಗಕ್ಕೂ ಸೂಜಿ ಹಾಕುವುದು ಅಕ್ಯುಪಂಕ್ಚರ್‌ನಲ್ಲಿ ಹಳೆಯ ರೂಢಿ. ರೊನಾಲ್ಡ್ ಮೆಲ್ಜಾಕ್ ಮತ್ತು ಸಂಗಡಿಗರು 1977ರಲ್ಲಿ ಟ್ರಿಗರ್ ಬಿಂದುಗಳಿಗೂ ಅಕ್ಯುಪಂಕ್ಚರ್ ಬಿಂದುಗಳಿಗೂ ಶೇ 71ರಷ್ಟು ಹೊಂದಾಣಿಕೆ ಇದೆ ಎಂದರು; ಆ ಲೆಕ್ಕವನ್ನು ನಂತರದ ಸಂಶೋಧಕರು ಪ್ರಶ್ನಿಸಿದ್ದಾರೆ.

ಚಿಕಿತ್ಸೆಯ ಮೇಜಿನ ಮೇಲೆ

ಕತ್ತು, ಹೆಗಲು ಹಿಡಿದುಕೊಂಡಿರುವ ರೋಗಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಚಿಕಿತ್ಸಕರು ಮೊದಲು ನೋವಿನ ಚರಿತ್ರೆ ಕೇಳುತ್ತಾರೆ, ಕತ್ತನ್ನು ಎಷ್ಟು ತಿರುಗಿಸಲು ಆಗುತ್ತದೆ ಎಂದು ನೋಡುತ್ತಾರೆ, ಕೈಯ ಬಲ ಮತ್ತು ಸ್ಪರ್ಶ ಪರೀಕ್ಷಿಸುತ್ತಾರೆ. ವಿಧಾನ ಮತ್ತು ಅದರ ಅಪಾಯ ವಿವರಿಸಿ ಒಪ್ಪಿಗೆ ಪಡೆಯುತ್ತಾರೆ. ಸೂಜಿ ಕಂಡು ತಲೆಸುತ್ತಿ ಬೀಳುವವರಿರುವುದರಿಂದ ರೋಗಿಯನ್ನು ಮಲಗಿಸಿಯೇ ಚಿಕಿತ್ಸೆ ಮಾಡುವುದು ಕ್ರಮ.

ಕೈ ತೊಳೆದು, ಕೈಗವಸು ತೊಟ್ಟು, ಚರ್ಮವನ್ನು ಶುಚಿಗೊಳಿಸಿದ ಮೇಲೆ ಚಿಕಿತ್ಸಕರು ಹೆಗಲ ಮೇಲಂಚಿನ ಸ್ನಾಯುವನ್ನು ಹೆಬ್ಬೆರಳು ಮತ್ತು ಉಳಿದ ಬೆರಳುಗಳ ನಡುವೆ ಹಿಡಿದು ಮೇಲಕ್ಕೆತ್ತುತ್ತಾರೆ. ಈ ಹಿಡಿತ ಬಹಳ ಮುಖ್ಯ. ಹೆಗಲ ಕೆಳಗೇ ಶ್ವಾಸಕೋಶದ ತುದಿ ಇರುತ್ತದೆ. ಸ್ನಾಯುವನ್ನು ಎದೆಗೂಡಿನಿಂದ ದೂರಕ್ಕೆ ಎತ್ತಿ ಹಿಡಿದು, ಸೂಜಿಯ ಮೊನೆ ತಮ್ಮ ಬೆರಳಿನತ್ತ ಬರುವಂತೆ ಚುಚ್ಚಿದರೆ ಅದು ಒಳಕ್ಕೆ ಇಳಿಯಲು ಆಸ್ಪದವಿರುವುದಿಲ್ಲ. ಮೊಹರು ಮಾಡಿದ ಪೊಟ್ಟಣದಿಂದ ತೆಗೆದ ಹೊಸ ಸೂಜಿ ಒಂದು ಪ್ಲಾಸ್ಟಿಕ್ ಕೊಳವೆಯೊಳಗಿರುತ್ತದೆ. ಕೊಳವೆಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಸೂಜಿಯ ಹಿಡಿಯ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಅದು ಚರ್ಮ ದಾಟುತ್ತದೆ. ಇಷ್ಟರವರೆಗೆ ರೋಗಿಗೆ ಹೆಚ್ಚೇನೂ ತಿಳಿಯುವುದಿಲ್ಲ. ಕೊಳವೆ ತೆಗೆದು ಸೂಜಿಯನ್ನು ಬಿಗಿಪಟ್ಟಿಯತ್ತ ಸರಿಸಿ, ಪೂರ್ತಿ ಹೊರತೆಗೆಯದೆ ಹಿಂದೆ ಮುಂದೆ ಆಡಿಸಿದಾಗ ಒಂದು ಕ್ಷಣ ಸ್ನಾಯು ತಾನಾಗಿ ಸೆಟೆದು ಅದುರುತ್ತದೆ. ಆಗ ಆಳದಲ್ಲಿ ಸೆಳೆತ, ಜುಮ್ಮೆನ್ನುವ ನೋವು ಹುಟ್ಟಿ, ಕೆಲವೊಮ್ಮೆ ಪರಿಚಿತ ತಲೆನೋವೇ ಮಿಂಚಿ ಮರೆಯಾಗುತ್ತದೆ. ಈ ಅದುರುವಿಕೆ ಸಿಕ್ಕರೆ ಸೂಜಿ ಸರಿಯಾದ ಬಿಂದು ತಲುಪಿದೆ ಎಂದು ಹಲವು ಚಿಕಿತ್ಸಕರು ಎಣಿಸುತ್ತಾರೆ. ಎರಡು ಮೂರು ಬಾರಿ ಅದುರಿದ ಮೇಲೆ ಸೂಜಿ ತೆಗೆದು, ಆ ಜಾಗವನ್ನು ಹತ್ತಿಯಿಂದ ಒತ್ತಿ ಹಿಡಿಯುತ್ತಾರೆ. ಬಳಸಿದ ಸೂಜಿ ಮತ್ತೆ ಯಾರಿಗೂ ಬಳಕೆಯಾಗಬಾರದು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಅದು ಮೊನೆ ತೂರಿ ಬಾರದ ಬಿಳಿ ಡಬ್ಬಿ ಸೇರಬೇಕು.

ಸೂಜಿ ಹೇಗೆ ಕೆಲಸ ಮಾಡುತ್ತದೆ?

ಇದಕ್ಕೆ ಒಂದೇ ಉತ್ತರವಿಲ್ಲ. ಹಲವು ಪರಿಣಾಮಗಳು ಒಟ್ಟಿಗೆ ಸೇರುತ್ತವೆ ಎಂಬುದು ಸಂಶೋಧಕರ ಅಭಿಪ್ರಾಯ. ಸ್ನಾಯುವಿನ ಅದುರುವಿಕೆ ಬೆನ್ನುಹುರಿಯ ಮೂಲಕ ನಡೆಯುವ ಪ್ರತಿವರ್ತನೆ. ಅದು ನಡೆದ ಮೇಲೆ ಆ ಜಾಗದ ನೋವಿನ ರಾಸಾಯನಿಕಗಳ ಪ್ರಮಾಣ ಇಳಿಯುವುದನ್ನು ಜೇ ಶಾ ಅವರ ತಂಡ ಗುರುತಿಸಿದೆ. ಸೂಜಿ ತಾಗಿದಲ್ಲಿ ಸಣ್ಣ ರಕ್ತನಾಳಗಳು ಹಿಗ್ಗಿ ರಕ್ತದ ಹರಿವು ಹೆಚ್ಚುತ್ತದೆ. ಬೇರೆ ನರಗಳಿಂದ ಬರುವ ಸಂವೇದನೆ ಬೆನ್ನುಹುರಿಯಲ್ಲೇ ನೋವಿನ ಸಂದೇಶವನ್ನು ತಡೆಯಬಲ್ಲದು ಎಂದು ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ಸೂಚಿಸಿದ್ದರು. ಮಿದುಳು ತಾನೇ ತಯಾರಿಸುವ ನೋವುನಿವಾರಕ ರಾಸಾಯನಿಕಗಳ ಪಾತ್ರವೂ ಇದೆ. ಚಿಕಿತ್ಸೆಯ ಮೇಲಿನ ನಂಬಿಕೆಯಿಂದ ಸಿಗುವ ಆರಾಮವನ್ನೂ ಈ ಲೆಕ್ಕಕ್ಕೆ ಸೇರಿಸಬೇಕು.

ಔಷಧ ತುಂಬಿದ ಸೂಜಿಗೂ ಬರೀ ಸೂಜಿಗೂ ಹೋಲಿಕೆ ಮಾಡಿ ಚಾಂಗ್-ಜೆರ್ನ್ ಹಾಂಗ್ 1994ರಲ್ಲಿ ಪ್ರಕಟಿಸಿದ ಅಧ್ಯಯನ ಪ್ರಸಿದ್ಧ. ಸ್ನಾಯು ಅದುರಿದರೆ ಎರಡರಿಂದಲೂ ಸರಿಸುಮಾರು ಅಷ್ಟೇ ಆರಾಮ ಸಿಕ್ಕಿತು. ಅದುರದಿದ್ದಾಗ ಎರಡೂ ಹೆಚ್ಚು ಫಲ ಕೊಡಲಿಲ್ಲ. ಬರೀ ಸೂಜಿ ಚುಚ್ಚಿಸಿಕೊಂಡವರಿಗೆ ನಂತರದ ಮೈನೋವು ಮಾತ್ರ ಹೆಚ್ಚಾಗಿತ್ತು. ಅದುರುವಿಕೆ ಅನಿವಾರ್ಯವೇ ಎಂಬ ಬಗ್ಗೆ ಈಗ ಭಿನ್ನಾಭಿಪ್ರಾಯಗಳಿವೆ.

ಪುರಾವೆ ಎಷ್ಟು ಗಟ್ಟಿ?

ಫಿಸಿಯೋಥೆರಪಿಸ್ಟರು ಮಾಡಿದ ಡ್ರೈ ನೀಡ್ಲಿಂಗ್ ಕುರಿತ ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಮರ್ಶೆಯೊಂದು 2017ರಲ್ಲಿ ಅಮೆರಿಕದ ಫಿಸಿಯೋಥೆರಪಿ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಚಿಕಿತ್ಸೆಯೇ ಇಲ್ಲದಿರುವುದಕ್ಕಿಂತ, ಹುಸಿ ಸೂಜಿಗಿಂತ, ಚಿಕಿತ್ಸೆಯ ಬೆನ್ನಿಗೇ ಹಾಗೂ ಸುಮಾರು 12 ವಾರಗಳವರೆಗೆ ನೋವು ಇಳಿಸುವುದರಲ್ಲಿ ಇದು ಮೇಲು ಎಂದು ಅದು ಹೇಳಿತು. ಆದರೆ ಪುರಾವೆಯ ಗುಣಮಟ್ಟ ಅತಿ ಕಡಿಮೆಯಿಂದ ಮಧ್ಯಮದವರೆಗೆ ಮಾತ್ರ ಇತ್ತು. ದಿನನಿತ್ಯದ ಕೆಲಸ ಮಾಡುವ ಸಾಮರ್ಥ್ಯದ ವಿಷಯದಲ್ಲಿ ಫಿಸಿಯೋಥೆರಪಿಯ ಇತರ ವಿಧಾನಗಳಿಗಿಂತ ಸೂಜಿ ಹೆಚ್ಚೆಂದು ಕಂಡುಬರಲಿಲ್ಲ. ದೀರ್ಘಕಾಲದ ಲಾಭಕ್ಕೂ ಆಧಾರ ಸಿಗಲಿಲ್ಲ.

ಇಂಥ ಪ್ರಯೋಗಗಳಲ್ಲಿ ಒಂದು ಸಹಜ ತೊಡಕಿದೆ. ಮಾತ್ರೆಯ ಪ್ರಯೋಗದಲ್ಲಿ ಸಕ್ಕರೆ ಮಾತ್ರೆ ಕೊಟ್ಟು ಹೋಲಿಸಬಹುದು. ಸೂಜಿ ಚುಚ್ಚಿದಂತೆ ನಟಿಸುವುದು ಕಷ್ಟ; ಯಾರಿಗೆ ನಿಜ ಸೂಜಿ, ಯಾರಿಗೆ ಹುಸಿ ಸೂಜಿ ಎಂಬುದು ಚಿಕಿತ್ಸಕರಿಗಂತೂ ತಿಳಿದೇ ಇರುತ್ತದೆ. ಹೀಗಾಗಿ ನ್ಯಾಯವಾಗಿ ಹೇಳಬಹುದಾದದ್ದು ಇಷ್ಟು: ಸ್ನಾಯುವಿನ ಬಿಗಿಯಿಂದ ಬಂದ ನೋವನ್ನು ಡ್ರೈ ನೀಡ್ಲಿಂಗ್ ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಇಳಿಸಬಲ್ಲದು, ಅದೊಂದರಿಂದಲೇ ನೋವು ಬೇರುಸಹಿತ ಹೋಗುತ್ತದೆ ಎಂಬ ಭರವಸೆಗೆ ಆಧಾರವಿಲ್ಲ.

ಅಪಾಯ ಎಲ್ಲಿದೆ?

ಸಾಮಾನ್ಯ ತೊಂದರೆಗಳು ಸಣ್ಣವು: ಚುಚ್ಚಿದ ಜಾಗದಲ್ಲಿ ಹನಿ ರಕ್ತ, ನೀಲಿಗಟ್ಟುವುದು, ಒಂದೆರಡು ದಿನದ ಮೈನೋವು, ಸುಸ್ತು, ತಲೆಸುತ್ತು. ಐರ್ಲೆಂಡಿನ 39 ಫಿಸಿಯೋಥೆರಪಿಸ್ಟರು ದಾಖಲಿಸಿದ 7,629 ಚಿಕಿತ್ಸೆಗಳ ವಿವರ 2014ರಲ್ಲಿ ಪ್ರಕಟವಾಯಿತು. ಸುಮಾರು ಶೇ 19ರಷ್ಟು ಸಂದರ್ಭಗಳಲ್ಲಿ ಇಂಥ ಸಣ್ಣ ತೊಂದರೆಗಳಾದವು; ಗಂಭೀರ ತೊಂದರೆ ಒಂದೂ ಇರಲಿಲ್ಲ. ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ, 20,000ಕ್ಕೂ ಹೆಚ್ಚು ಚಿಕಿತ್ಸೆಗಳ ಇನ್ನೊಂದು ದಾಖಲೆಯಲ್ಲಿ ಗಂಭೀರ ತೊಂದರೆ ಸಾವಿರಕ್ಕೆ ಸುಮಾರು ಒಂದರಂತೆ ಕಂಡುಬಂತು.

ಗಂಭೀರ ತೊಂದರೆಗಳಲ್ಲಿ ಎಲ್ಲಕ್ಕಿಂತ ಭಯಪಡಬೇಕಾದದ್ದು ಸೂಜಿ ಎದೆಗೂಡು ದಾಟಿ ಶ್ವಾಸಕೋಶಕ್ಕೆ ತಾಗುವುದು. ಆಗ ಗಾಳಿ ಸೋರಿ ಶ್ವಾಸಕೋಶ ಕುಸಿಯುತ್ತದೆ. ಅಮೆರಿಕದ ಸ್ಕೀಯಿಂಗ್ ಕ್ರೀಡಾಪಟು ಟೋರಿನ್ ಯೇಟರ್-ವಾಲೇಸ್ ಅವರಿಗೆ 2013ರಲ್ಲಿ, ಸೋಚಿ ಒಲಿಂಪಿಕ್ಸ್‌ಗೆ ಕೆಲವೇ ವಾರಗಳಿರುವಾಗ, ಹೀಗಾಗಿತ್ತು. ಹೆಗಲು, ಬೆನ್ನಿನ ಮೇಲ್ಭಾಗ ಅಥವಾ ಪಕ್ಕೆಯಲ್ಲಿ ಸೂಜಿ ಹಾಕಿಸಿಕೊಂಡ ಮೇಲೆ ಎದೆಯಲ್ಲಿ ಚಳುಕು, ಉಸಿರಾಟಕ್ಕೆ ಕಷ್ಟ, ಒಣಕೆಮ್ಮು ಕಾಣಿಸಿಕೊಂಡರೆ ಅದು ಕೆಲವು ಗಂಟೆಗಳ ನಂತರವೇ ಆದರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ನರಕ್ಕೆ ಪೆಟ್ಟು, ಸೋಂಕು ಅಪರೂಪ. ಸೋಂಕು ಬಹುಮಟ್ಟಿಗೆ ಶುಚಿತ್ವದಿಂದ ತಪ್ಪುತ್ತದೆ.

ಸೂಜಿಯ ಭಯ ತೀವ್ರವಾಗಿರುವವರಿಗೆ, ಒಪ್ಪಿಗೆ ಕೊಡದವರಿಗೆ, ಸೋಂಕು ಅಥವಾ ಗಾಯವಿರುವ ಜಾಗಕ್ಕೆ, ದುಗ್ಧರಸ ತುಂಬಿ ಊದಿಕೊಂಡ ಕೈಕಾಲಿಗೆ ಈ ಚಿಕಿತ್ಸೆ ಮಾಡಬಾರದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗುವವರು, ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿರುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು ಮೊದಲೇ ತಿಳಿಸಬೇಕು. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ವಿದ್ಯುತ್ ಹಾಯಿಸುವಂತಿಲ್ಲ.

ಎಲ್ಲ ನೋವೂ ಸ್ನಾಯುವಿನದಲ್ಲ ಎಂಬುದನ್ನು ಮರೆಯಬಾರದು. ಎಡಗೈಗೆ ಹರಡುವ ಎದೆನೋವು ಹೃದಯದ್ದಿರಬಹುದು. ಬೆನ್ನುನೋವಿನ ಜೊತೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ನಿದ್ದೆಗೆಡಿಸುವ ನೋವು, ಕಾಲಿನ ಬಲ ಕುಂದುವುದು, ಮೂತ್ರದ ಹತೋಟಿ ತಪ್ಪುವುದು ಇದ್ದರೆ ಮೊದಲು ಕಾಣಬೇಕಾದದ್ದು ವೈದ್ಯರನ್ನು.

ಯಾರ ಕೈಯಲ್ಲಿ ಸೂಜಿ?

ಫಿಸಿಯೋಥೆರಪಿಸ್ಟರು ಸೂಜಿ ಹಿಡಿಯಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ಅಕ್ಯುಪಂಕ್ಚರ್ ವೃತ್ತಿಯವರ ಜೊತೆ ದೊಡ್ಡ ವ್ಯಾಜ್ಯಕ್ಕೆ ಕಾರಣವಾಗಿದೆ. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಅವಕಾಶವಿಲ್ಲ. ನಾರ್ತ್ ಕ್ಯಾರೊಲಿನಾದ ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಫಿಸಿಯೋಥೆರಪಿಸ್ಟರ ಪರವಾಗಿ ತೀರ್ಪು ಕೊಟ್ಟಿತು. ಭಾರತದಲ್ಲಿ ಫಿಸಿಯೋಥೆರಪಿ ವೃತ್ತಿಯನ್ನು 2021ರ ಸಹವರ್ತಿ ಹಾಗೂ ಆರೋಗ್ಯಪಾಲನಾ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯ ವ್ಯಾಪ್ತಿಗೆ ತರಲಾಗಿದೆ. ಪದವಿ ಮುಗಿಸಿದ ಫಿಸಿಯೋಥೆರಪಿಸ್ಟರಲ್ಲಿ ಅನೇಕರು ಡ್ರೈ ನೀಡ್ಲಿಂಗ್ ಕಲಿಯುವುದು ಅಲ್ಪಾವಧಿಯ ಕಾರ್ಯಾಗಾರಗಳಲ್ಲಿ. ಆದ್ದರಿಂದ ಪದವಿ ಏನು, ತರಬೇತಿ ಎಲ್ಲಿ ಎಷ್ಟು ದಿನ ಆಯಿತು, ಈ ಜಾಗಕ್ಕೆ ಸೂಜಿ ಹಾಕಿ ಅನುಭವವಿದೆಯೇ ಎಂದು ಕೇಳಲು ರೋಗಿ ಸಂಕೋಚಪಡಬೇಕಿಲ್ಲ. ಸೂಜಿಯ ಪೊಟ್ಟಣವನ್ನು ತಮ್ಮೆದುರೇ ಒಡೆಯುತ್ತಾರೆಯೇ ಎಂದೂ ನೋಡಬೇಕು.

ಸೂಜಿಯ ನಂತರ

ಚಿಕಿತ್ಸೆ ಆದ ದಿನ ಮತ್ತು ಮರುದಿನ ಆ ಸ್ನಾಯು ವ್ಯಾಯಾಮದ ಮರುದಿನದಂತೆ ನೋಯುವುದು ಸಹಜ. ಬಿಸಿ ಶಾಖ, ಹಗುರವಾದ ಚಲನೆಯಿಂದ ಆರಾಮವಾಗುತ್ತದೆ. ಭಾರ ಎತ್ತುವುದನ್ನು ಒಂದೆರಡು ದಿನ ಬಿಡುವುದು ಲೇಸು. ಎರಡು ಮೂರು ಬಾರಿ ಮಾಡಿಸಿದ ಮೇಲೂ ನೋವಿನಲ್ಲಿ ವ್ಯತ್ಯಾಸ ಕಾಣದಿದ್ದರೆ ರೋಗನಿರ್ಣಯವನ್ನೇ ಮತ್ತೊಮ್ಮೆ ಪರಿಶೀಲಿಸಬೇಕು, ಸೂಜಿಗಳ ಸಂಖ್ಯೆ ಹೆಚ್ಚಿಸುತ್ತಾ ಹೋಗಬಾರದು.

ನೋವು ಇಳಿದ ಆ ಕೆಲವು ದಿನಗಳು ಅಮೂಲ್ಯ. ಅಲ್ಲಿಯವರೆಗೆ ತಿರುಗಿಸಲಾಗದ ಕತ್ತು ಆಗ ತಿರುಗುತ್ತದೆ, ಎತ್ತಲಾಗದ ಕೈ ಮೇಲೇಳುತ್ತದೆ. ಆ ಅವಧಿಯಲ್ಲಿ ಸ್ನಾಯುವನ್ನು ಎಳೆದು ಸಡಿಲಿಸುವ ವ್ಯಾಯಾಮ, ನಂತರ ಬಲ ತುಂಬುವ ವ್ಯಾಯಾಮ ಶುರು ಮಾಡಬೇಕು. ಹೆಗಲ ನೋವಿನವರು ಕಂಪ್ಯೂಟರ್ ಪರದೆಯನ್ನು ಕಣ್ಣಿನ ಮಟ್ಟಕ್ಕೆ ಏರಿಸಬೇಕು, ಮೊಣಕೈಗೆ ಆಸರೆ ಮಾಡಿಕೊಳ್ಳಬೇಕು, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು, ನಿದ್ದೆ ಸರಿಪಡಿಸಿಕೊಳ್ಳಬೇಕು. ಗಂಟು ಕಟ್ಟಿಸಿದ ಕಾರಣ ಹಾಗೆಯೇ ಉಳಿದರೆ ಗಂಟು ಮತ್ತೆ ಕಟ್ಟುತ್ತದೆ. ಆದ್ದರಿಂದ ಒಳ್ಳೆಯ ಫಿಸಿಯೋಥೆರಪಿಯಲ್ಲಿ ಡ್ರೈ ನೀಡ್ಲಿಂಗ್ ಆರಂಭದ ಒಂದು ಹೆಜ್ಜೆ ಮಾತ್ರ. ರೋಗಿ ತಾನೇ ದಿನವೂ ಮಾಡುವ ವ್ಯಾಯಾಮ ಆ ಆರಾಮವನ್ನು ಉಳಿಸಿಕೊಡುತ್ತದೆ.